ವಸ್ತಿ ಬಸ್ಸು ಮತ್ತು 240 ತಾಸು

ನಮ್ಮೂರು ಅಂಕೋಲಾ ತಾಲೂಕಿನ ಅಚವೆ ಕಡೆ. ಡಿಗ್ರಿ ಓದಿದ್ದು ಕಾರವಾರದಲ್ಲಿ. ಬೆಳಿಗ್ಗೆ ವಸ್ತಿ ಬಸ್ಸು ಹತ್ತಿ ಅಂಕೋಲೆಯಲ್ಲಿ ಇಳಿದರೆ ಅಲ್ಲಿಂದ ಇನ್ನೊಂದು ಬಸ್ಸು. ನಾಲ್ಕಕ್ಕೆ ಕ್ಲಾಸು ಬಿಟ್ಟ ಕೂಡಲೇ ಸ್ಟ್ಯಾಂಡಿಗೆ ಓಡದಿದ್ದರೆ ಅಂಕೋಲೆಯಲ್ಲಿ ಊರಿನ ಬಸ್ಸು ತಪ್ಪುತ್ತಿತ್ತು. ಆಮೇಲೆ ಉಳಿಯುವುದು ರಾತ್ರಿ ಬಂದು ಊರಲ್ಲೇ ನಿಲ್ಲುವ ಅದೇ ವಸ್ತಿ ಬಸ್ಸು.

ಮೊದಲ ವರ್ಷ ಪೂರ್ತಿ ಸುಮ್ನೆ ಹೋಗಿ ಬಂದೆ. ಗ್ಯಾದರಿಂಗ್, ನಾಟಕ, ಯುವಜನೋತ್ಸವದ ತಯಾರಿ ಎಲ್ಲವೂ ಶುರುವಾಗುತ್ತಿದ್ದುದು ನಾಲ್ಕರ ನಂತರ. ಕ್ಲಾಸಿನಲ್ಲಿ ಹರಟೆಯೆಲ್ಲ ಕೊಂಕಣಿಯಲ್ಲಿ. ನನಗೆ ಅರ್ಥವಾಗುತ್ತಿತ್ತು, ಮಾತಾಡಲು ಬಾಯಿ ಬರುತ್ತಿರಲಿಲ್ಲ. ಪದವಿ ಕೊಡುವ ಕರ್ನಾಟಕ ವಿಶ್ವವಿದ್ಯಾಲಯ ಇರುವುದು ದೂರದ ಧಾರವಾಡದಲ್ಲಿ. ಕಾಲೇಜಿನಲ್ಲೇ ಏನಾದರೂ ಸೇರದಿದ್ದರೆ ಮೂರು ವರ್ಷದಲ್ಲಿ ಬಸ್ಸು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ ಅನ್ನಿಸಿತು.

ಎರಡನೇ ವರ್ಷ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ ಫಾರ್ಮ್ ತುಂಬಿದೆ. ಅದನ್ನೇ ಆರಿಸಿದ್ದಕ್ಕೆ ಕಾರಣ ಲೆಕ್ಕ. ವರ್ಷಕ್ಕೆ 120 ತಾಸು ಸೇವೆ, ಎರಡು ವರ್ಷಕ್ಕೆ 240, ಜೊತೆಗೆ 7 ದಿನದ ಒಂದು ಶಿಬಿರ. ಇಷ್ಟು ಅಂತ ಮೊದಲೇ ಗೊತ್ತಿದ್ದರೆ ಮನೆಯಲ್ಲಿ ಹೇಳುವುದು ಸುಲಭ. ನಾಟಕದ ತಾಲೀಮಿಗೆ ಹಾಗೆ ಲೆಕ್ಕ ಕೊಡಲು ಆಗುವುದಿಲ್ಲ. ಆಸೆ ಇದ್ದರೂ ಅದನ್ನು ಬಿಟ್ಟೆ. ಎನ್‌ಎಸ್‌ಎಸ್ ಬ್ಯಾಡ್ಜಿನ ಮೇಲೆ ಕೋನಾರ್ಕದ ರಥದ ಚಕ್ರ ಇದೆ. ಅದರ 8 ಅರಗಳು ದಿನದ 24 ತಾಸು ಅಂತ ಎನ್‌ಎಸ್‌ಎಸ್ ನೋಡಿಕೊಳ್ಳುವ ಸರ್ ಮೊದಲ ದಿನವೇ ಹೇಳಿದರು. ಅದರಲ್ಲಿ ಬಸ್ಸಿಗೆ ಎಷ್ಟು ಹೋಗುತ್ತದೆ ಅಂತ ನಾನು ಕೂತಲ್ಲೇ ಎಣಿಸುತ್ತಿದ್ದೆ.

ಆದರೆ ಮೀಟಿಂಗ್ ಇಟ್ಟದ್ದು ನಾಲ್ಕೂವರೆಗೆ! ಎರಡು ಸಲ ಮಧ್ಯದಲ್ಲೇ ಎದ್ದು ಬಂದೆ. ಮೂರನೇ ಸಲ ಹೋಗಲೇ ಇಲ್ಲ. ಆಗ ನನ್ನ ಹಾಗೆ ಇನ್ನೆಷ್ಟು ಜನ ಇದ್ದಾರೆ ನೋಡೋಣ ಅನ್ನಿಸಿತು. ಒಂದು ನೋಟ್‌ಬುಕ್ ತೆಗೆದುಕೊಂಡು ಸ್ವಯಂಸೇವಕರನ್ನೆಲ್ಲ ಕೇಳಿದೆ. ಹೆಸರು, ಊರು, ಕಡೇ ಬಸ್ಸು ಎಷ್ಟಕ್ಕೆ. ಒಂದು ವಾರ ಹಿಡಿಯಿತು. ಅರ್ಧಕ್ಕಿಂತ ಜಾಸ್ತಿ ಜನ ಬಸ್ಸಿನವರೇ. ಬರದವರಿಗೆ ಆಸಕ್ತಿ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು, ಅವರಿಗೆ ಇಲ್ಲದ್ದು ಬಸ್ಸು. ಸರ್ ಪುಸ್ತಕ ತಿರುವಿ ನೋಡಿದರು, ಜಾಸ್ತಿ ಮಾತಾಡಲಿಲ್ಲ. ಮುಂದಿನ ವಾರದಿಂದ ಮೀಟಿಂಗ್ ಊಟದ ಬಿಡುವಿಗೆ ಬಂತು. ಶ್ರಮದಾನ ಶನಿವಾರ ಅರ್ಧ ದಿನದ ಕ್ಲಾಸು ಮುಗಿದ ಮೇಲೆ. ಟ್ಯಾಗೋರ್ ಬೀಚಿನಲ್ಲಿ ಕಸ ಹೆಕ್ಕಿದ್ದೂ ಶನಿವಾರ ಮಧ್ಯಾಹ್ನವೇ. ಬಿಸಿಲು ಜೋರು, ಆದರೂ ಎಲ್ಲರೂ ಬಂದರು. ನನ್ನ ಕೊಂಕಣಿ ಸುಧಾರಿಸಿದ್ದೂ ಅಲ್ಲೇ. ಚೀಲದ ಒಂದು ತುದಿ ಒಬ್ಬಳು, ಇನ್ನೊಂದು ತುದಿ ನಾನು ಹಿಡಿದಾಗ ತಪ್ಪು ಮಾತಾಡಿದರೂ ನಡೆಯುತ್ತದೆ.

ಕೆಲವು ದಿನ ತಡವಾಗುವುದು ತಪ್ಪುತ್ತಿರಲಿಲ್ಲ. ವಸ್ತಿ ಬಸ್ಸಿಗೆ ಬರುತ್ತೇನೆ ಅಂದರೆ ಅಪ್ಪ ಮೊದಲು ಒಪ್ಪಲಿಲ್ಲ. ಆ ಬಸ್ಸಿನ ಡ್ರೈವರ್, ಕಂಡಕ್ಟರ್ ರಾತ್ರಿ ನಮ್ಮೂರಲ್ಲೇ ಮಲಗುವವರು, ಎಲ್ಲರಿಗೂ ಗುರುತು. ಅಪ್ಪ ಕಂಡಕ್ಟರ್ ಹತ್ತಿರ ತಾವೇ ಮಾತಾಡಿದರು. ತಿಂಗಳಿಗೆ ಎರಡು ದಿನ ಅಂತ ಆಯಿತು. ಆ ಎರಡೂ ದಿನ ಟಾರ್ಚ್ ಹಿಡಿದು ಸ್ಟಾಪಿಗೆ ಬಂದು ನಿಲ್ಲುತ್ತಿದ್ದರು.

ಶಿಬಿರಕ್ಕೆ ಅಷ್ಟು ಸುಲಭದಲ್ಲಿ ಒಪ್ಪಿಗೆ ಸಿಗಲಿಲ್ಲ. ಏಳು ರಾತ್ರಿ ಹೊರಗೆ, ಅದೂ ಹೆಣ್ಣುಮಕ್ಕಳು, ಅಲ್ವಾ? ಅದಕ್ಕೆ ಅಕ್ಕಪಕ್ಕದ ಊರಿನ ನಾವು ಮೂವರು ಒಟ್ಟಿಗೆ ಮೂರೂ ಮನೆಗೆ ಹೋಗಿ ಕೇಳಿದೆವು. ಎಲ್ಲಿ ಮಲಗುತ್ತೇವೆ, ಯಾವ ಮೇಡಂ ಜೊತೆಗಿರುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು. ಒಂದು ಮನೆಯವರು ಹೂಂ ಅಂದ ಮೇಲೆ ಉಳಿದವರೂ ಅಂದರು.

ಶಿಬಿರದಲ್ಲಿ ಉಳಿದದ್ದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಹಳ್ಳಕ್ಕೆ ಅಡ್ಡವಾಗಿ ಚೀಲದ ಒಡ್ಡು ಕಟ್ಟಿದೆವು. ಸಿಮೆಂಟಿನ ಖಾಲಿ ಚೀಲಕ್ಕೆ ಮಣ್ಣು, ಮರಳು ತುಂಬಿ ಬಾಯಿ ಹೊಲಿಯಬೇಕು. ಇಟ್ಟಿಗೆ ಇಟ್ಟ ಹಾಗೆ, ಕೆಳಗಿನ ಎರಡು ಚೀಲ ಸೇರುವ ಕಡೆಗೆ ಮೇಲಿನದು ಕೂರಬೇಕು. ಸಂದಿಗೆ ಮಣ್ಣು ಮೆತ್ತಬೇಕು. ಮಳೆ ನಿಂತು ಹಳ್ಳ ಇನ್ನೂ ಹರಿಯುವಾಗಲೇ ಕಟ್ಟಿದರೆ ಮಾತ್ರ ನೀರು ನಿಲ್ಲುತ್ತದೆ. ನಾವು ಮೊದಲ ದಿನ ಚೀಲ ಪೂರ್ತಿ ತುಂಬಿಬಿಟ್ಟೆವು. ಗಟ್ಟಿಯಾಗಿ ಉರುಟಾದವು, ಒಂದರ ಮೇಲೊಂದು ಕೂರಲೇ ಇಲ್ಲ. ಸಂಜೆ ಊರಿನ ಅಜ್ಜ ಒಬ್ಬರು ಬಂದು, "ಮುಕ್ಕಾಲು ತುಂಬಿ ಮಗಾ, ಮೇಲೆ ಕಾಲಿಂದ ತುಳೀರಿ" ಅಂದರು. ಅಷ್ಟೂ ಚೀಲ ಬಿಚ್ಚಿ ಮತ್ತೆ ಹೊಲಿದೆವು. ಐದನೇ ದಿನ ನೀರು ನಿಂತು ಹಿಂದಕ್ಕೆ ಏರತೊಡಗಿದಾಗ ಯಾರೂ ಊಟಕ್ಕೆ ಹೋಗಲಿಲ್ಲ. ದಂಡೆಯಲ್ಲಿ ಕೂತು ನೋಡುತ್ತಲೇ ಇದ್ದೆವು.

ಒಂದು ತಪ್ಪು ಮಾತ್ರ ನೀವು ಮಾಡಬೇಡಿ. ಮೊದಲ ಕೆಲವು ತಿಂಗಳು ನಾನು ಕೆಲಸದ ಡೈರಿ ಬರೆಯಲೇ ಇಲ್ಲ. ಬರೆಯದ ತಾಸು ಲೆಕ್ಕಕ್ಕೆ ಬರಲಿಲ್ಲ. ಕೊನೆಯ ವರ್ಷ ಅಷ್ಟನ್ನೂ ಮತ್ತೆ ತುಂಬಿಸಬೇಕಾಯಿತು. ಆ ದಿನವೇ, ಬಸ್ಸಿನಲ್ಲಿ ಕೂತೇ ಬರೆದುಬಿಡಿ.

ಕಾಲೇಜು ಬಿಡುವಾಗ ಬಸ್ಸಿನ ನೋಟ್‌ಬುಕ್ಕನ್ನು ಕದ್ರಾ ಕಡೆಯಿಂದ ಬರುವ ಜೂನಿಯರ್ ಒಬ್ಬಳಿಗೆ ಕೊಟ್ಟೆ. ಅವಳು ಅಲ್ಲೇ ಪೆನ್ ತೆಗೆದು, "ಅಕ್ಕಾ, ನಮ್ಮ ಬಸ್ಸಿನ ಟೈಮ್ ಬದಲಾಗಿದೆ" ಅಂತ ತಿದ್ದಿದಳು.