ನೆನಪನ್ನು ಕೇಳುವ ಮೊದಲು ಕಿವಿಯನ್ನು ಕೇಳಿ

ಡಿಮೆನ್ಶಿಯಾ ಸಂಶೋಧನೆಗಾಗಿ ಹಿರಿಯರಿಗೆ ಫೋನ್ ಮತ್ತು ವಿಡಿಯೋ ಕಾಲ್‌ನಲ್ಲಿ ನೆನಪಿನ ಪರೀಕ್ಷೆ ಮಾಡುವುದು ನನ್ನ ಕೆಲಸ. ಹೊಸಬರು ಸೇರಿದರೆ ಮೊದಲು ನನ್ನ ತಪ್ಪಿನ ಕಥೆಯನ್ನೇ ಹೇಳುತ್ತೇನೆ.

ಶುರುವಿನ ದಿನಗಳು. ಒಬ್ಬ ನಿವೃತ್ತ ಮೇಷ್ಟರಿಗೆ ಫೋನಿನಲ್ಲಿ ಐದು ಪದ ಓದಿ, "ಈಗ ನೀವು ಹೇಳಿ ಸರ್" ಎಂದೆ. ಎರಡು ಸರಿ ಹೇಳಿದರು. ಉಳಿದವು ನಾನು ಓದಿಯೇ ಇರದ ಪದಗಳು. ಅಂಕ ಕಳೆದೆ. ಕೊನೆಯಲ್ಲಿ ಮಗಳು ಫೋನ್ ತೆಗೆದುಕೊಂಡು, "ಅಪ್ಪ ಕಿವಿ ಮಷೀನೇ ಹಾಕಿಕೊಂಡಿಲ್ಲ ಮೇಡಂ, ಟೇಬಲ್ ಮೇಲಿದೆ" ಎಂದರು. ಆಮೇಲೆ ಹಾಳೆ ನೋಡಿದರೆ ಅವರ ಪದಗಳಿಗೂ ನನ್ನವಕ್ಕೂ ಪ್ರಾಸ ಕೂಡಿತ್ತು. ನಾನು ಹಾಲು ಎಂದರೆ ಅವರು ಸಾಲು ಎನ್ನುವ ಹಾಗೆ. (ಪರೀಕ್ಷೆಯ ನಿಜವಾದ ಪದಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಹೊರಗೆ ಬಿದ್ದರೆ ಪರೀಕ್ಷೆಯೇ ಕೆಟ್ಟಹಾಗೆ.) ಅವತ್ತು ನಾನು ಅಳೆದದ್ದು ಕಿವಿಯನ್ನು, ನೆನಪನ್ನಲ್ಲ.

ಅದಕ್ಕೇ ಎರಡು ದಿನ ಮೊದಲು ಸುಮ್ನೆ ಒಂದು ಕಾಲ್ ಮಾಡಿ. ಕನ್ನಡಕ, ಕಿವಿ ಮಷೀನ್ ಇದೆಯಾ, ಮಷೀನಿನ ಬ್ಯಾಟರಿ ಸರಿಯಿದೆಯಾ, ಫೋನಿಗೆ ಚಾರ್ಜ್ ಎಷ್ಟಿರುತ್ತೆ, ಯಾವ ಹೊತ್ತಿಗೆ ಮನೆ ಶಾಂತವಾಗಿರುತ್ತೆ, ಅಂತ ಕೇಳಿ. ಪರೀಕ್ಷೆಯ ದಿನ ಮೊದಲು ನಾಲ್ಕು ಬೇರೆ ಪದ ಒಂದೊಂದಾಗಿ ಹೇಳಿ, ಆ ಕ್ಷಣವೇ ವಾಪಸ್ ಹೇಳಿಸಿ. ತಪ್ಪಿದರೆ ಸ್ಪೀಕರ್ ಬಿಟ್ಟು ಇಯರ್‌ಫೋನ್ ಹಾಕಿಸಿ ನೋಡಿ. ಆಗಲೂ ಆಗದಿದ್ದರೆ ಇನ್ನೊಂದು ದಿನ ಮಾಡಿ. ಕಿರುಚಬೇಡಿ. ಕಿರುಚಿದರೆ ಮಾತು ಒಡೆಯುತ್ತದೆ, ಅವರಿಗೆ ಬೈದ ಹಾಗೂ ಕೇಳುತ್ತದೆ. ಹಳೆಯ ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತದೆ. ಸ, ಫ ಇಂಥ ಸದ್ದುಗಳ ಮೇಲ್ಭಾಗ ದಾರಿಯಲ್ಲೇ ಉಳಿದುಬಿಡುತ್ತದೆ. ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡುವವರಿಗೆ ಎಫ್ ಅಕ್ಷರ ಎಸ್ ಆಗಿ ಕೇಳುವ ಪಾಡು ಇದರಿಂದಲೇ.

ಯಾವ ಪರೀಕ್ಷೆ? ಟಿಕ್ಸ್ (TICS) ಎಂಬ ನೆನಪು-ಯೋಚನೆಯ ಪರೀಕ್ಷೆ 1988ರಲ್ಲಿ ಫೋನಿಗಾಗಿಯೇ ಮಾಡಿದ್ದು, 41 ಅಂಕ. 2005ರ ಮೋಕಾ (MoCA) ಎದುರು ಕೂತು ಮಾಡುವ ಇಂಥದ್ದೇ ಪರೀಕ್ಷೆ, 30 ಅಂಕದ್ದು. ಅದರ ಫೋನ್ ರೂಪದಲ್ಲಿ ಚಿತ್ರ ಬರೆಯುವುದು, ಪ್ರಾಣಿಗಳ ಹೆಸರು ಹೇಳುವುದು ಇಲ್ಲ, ಹಾಗಾಗಿ 22. ಇಷ್ಟಕ್ಕಿಂತ ಕಡಿಮೆ ಬಂದರೆ ಅನುಮಾನ ಎಂದು ಮೂವತ್ತಕ್ಕೆ ಹಾಕಿಕೊಂಡ ಗಡಿಯನ್ನು ಇಪ್ಪತ್ತೆರಡಕ್ಕೆ ಹಾಗೇ ಹಚ್ಚಬೇಡಿ. ವಿಡಿಯೋದಲ್ಲಿ ಗಡಿಯಾರದ ಚಿತ್ರ ಬರೆಸಬಹುದು, ಮುಗಿದ ಮೇಲೆ ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿಯಲು ಹೇಳಿ. ಎದುರಿನ ಗೋಡೆಯಲ್ಲಿ ನಿಜವಾದ ಗಡಿಯಾರ ನೇತಾಡುತ್ತಿಲ್ಲ ತಾನೇ?

ಮನೆಯೇ ಒಂದು ಉತ್ತರಪತ್ರಿಕೆ. ಕ್ಯಾಲೆಂಡರ್ ಇದೆ, ಪೇಪರ್ ಇದೆ, ಮೊಬೈಲ್ ಮೇಲೆ ತಾರೀಕು ಇದೆ. ಇವನ್ನು ಮೊದಲೇ ಪಕ್ಕಕ್ಕೆ ಇಡಿಸಿ. "ಈಗ ಎಲ್ಲಿದ್ದೀರಿ?" ಎನ್ನುವ ಪ್ರಶ್ನೆಗೆ ಸ್ವಂತ ಮನೆಯಲ್ಲಿ ಕೂತವರು ಸುಲಭವಾಗಿ ಉತ್ತರ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಅದೇ ಪ್ರಶ್ನೆ ಬೇರೆಯೇ ಆಗುತ್ತದೆ. ಪದ ಓದುವಾಗ ಪೆನ್ನಿನ ಸದ್ದು ಬಂದರೆ, "ಪೆನ್ನು ಕೆಳಗಿಡಿ, ಬರೆದುಕೊಳ್ಳಬಾರದು" ಎಂದು ನಗುತ್ತಲೇ ಹೇಳಿ.

ಎಲ್ಲಕ್ಕಿಂತ ಕಷ್ಟ ಪಿಸುಗುಡುವ ಗಂಡ ಅಥವಾ ಹೆಂಡತಿಯದು. ಪ್ರೀತಿಯಿಂದಲೇ ಹೇಳಿಕೊಡುತ್ತಾರೆ, ಬೈಯುವ ಹಾಗಿಲ್ಲ. ನಾನು ಅವರಿಗೂ ಕೆಲಸ ಕೊಡುತ್ತೇನೆ: "ನಿಮಗೂ ಬೇರೆ ಪ್ರಶ್ನೆಗಳಿವೆ, ಅಲ್ಲಿಯವರೆಗೆ ಪಕ್ಕದ ಕೋಣೆಯಲ್ಲಿರಿ." ಇದು ಸುಳ್ಳಲ್ಲ. ದಿನದ ಕೆಲಸ ಹೇಗೆ ನಡೆಯುತ್ತಿದೆ ಎಂದು ಮನೆಯವರನ್ನೂ ಕೇಳಲೇಬೇಕು.

ಅಂಕಿಗಳನ್ನು ಕೇಳಿಸಿ ವಾಪಸ್ ಹೇಳಿಸುವಾಗ ಸೆಕೆಂಡಿಗೆ ಒಂದರಂತೆ ಓದಿ. ಮಧ್ಯೆ ಲೈನ್ ಕಡಿದರೆ ಅದನ್ನು ತಪ್ಪು ಉತ್ತರವೆಂದು ಬರೆಯಬೇಡಿ, "ಲೈನ್ ಕಡಿಯಿತು" ಎಂದೇ ಬರೆಯಿರಿ. ಮತ್ತೆ ಓದಬಹುದಾ ಎಂಬುದನ್ನು ನಿಯಮದ ಹಾಳೆ ಹೇಳಬೇಕು, ನಮ್ಮ ಕನಿಕರ ಅಲ್ಲ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಎನ್ನುವಾಗ ಕೆಲವರು ಸರಸರ ಹೇಳುತ್ತಾರೆ, ಬರೆಯಲು ಕೈ ಸಾಲದು. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ.

ಸರಿ, ತಪ್ಪು ಎನ್ನಬೇಡಿ. ಒಬ್ಬ ಅಜ್ಜಿ ನಡುವೆ ಅತ್ತುಬಿಟ್ಟರು, "ನನಗೆ ಏನಾಗಿದೆ ಹೇಳಮ್ಮ" ಎಂದರು. ಈ ಅಂಕ ಕಾಯಿಲೆಯ ತೀರ್ಪಲ್ಲ ಎಂದು ಹೇಳಿ, ನಿಲ್ಲಿಸಿ ಬೇರೆ ಮಾತಾಡಿದೆ. ಅವತ್ತು ಮುಂದುವರಿಸಲಿಲ್ಲ. ಕಾಲ್‌ನ ಶುರುವಿನಲ್ಲೇ ಅವರು ಈಗಿರುವ ವಿಳಾಸ, ಮನೆಯವರೊಬ್ಬರ ನಂಬರ್ ಬರೆದುಕೊಳ್ಳುವುದು ಇಂಥ ಹೊತ್ತಿಗೇ.

ಮೇಷ್ಟರಿಗೆ ಕೆಲವು ವಾರ ಬಿಟ್ಟು ಬೇರೆ ಪದಗಳಿರುವ ಹಾಳೆಯಿಂದ ಮತ್ತೆ ಪರೀಕ್ಷೆ ಮಾಡಿದೆ. ಅದೇ ಪದಗಳಾದರೆ ಅಭ್ಯಾಸದಿಂದಲೇ ಅಂಕ ಏರುತ್ತದೆ. ಮಷೀನ್ ಹಾಕಿಕೊಂಡು ನಾಲ್ಕು ಹೇಳಿದರು. 2020ರಲ್ಲಿ ಕೋವಿಡ್ ಬಂದು ಎದುರು ಕೂತು ಮಾಡುತ್ತಿದ್ದ ಎಷ್ಟೋ ಅಧ್ಯಯನಗಳು ನಡುವೆಯೇ ಫೋನಿಗೆ ಹೋದವು, ಅಲ್ವಾ? ಅಂಥ ಕಡೆ ಇಳಿದದ್ದು ನೆನಪೋ, ಬದಲಾದದ್ದು ದಾರಿಯೋ ಎಂದು ಆಮೇಲೆ ಯಾರಿಗೂ ತಿಳಿಯದೆ ಹೋಗಬಹುದು. ಹಾಗಾಗಿ ಪ್ರತಿ ಸಲ ಹೇಗೆ ಮಾಡಿದೆವು ಎಂಬುದಕ್ಕೆ ಒಂದು ಕಾಲಂ ಇರಲಿ.

ಫೋನ್ ಇಟ್ಟ ತಕ್ಷಣ, ಇನ್ನೊಂದು ಕಾಲ್ ಮಾಡುವ ಮೊದಲು ಅದನ್ನು ತುಂಬಿ. ನನ್ನ ನಿನ್ನೆಯ ಹಾಳೆ ಹೀಗಿತ್ತು: "ವಿಡಿಯೋ. ಇಯರ್‌ಫೋನ್ ಇತ್ತು. ಅಂಕಿಗಳನ್ನು ತಿರುಗಿಸಿ ಹೇಳುವಾಗ ನಾಯಿ ಎರಡು ಸಲ ಬೊಗಳಿತು. ಹೆಂಡತಿ ಕೋಣೆಯಲ್ಲಿರಲಿಲ್ಲ, ಬಾಗಿಲ ಹೊರಗಿದ್ದರು."