ಮೂಗು ಸೋರುವ ಕಾಲದ ಊಟ: ಮೈಸೂರು, ಮಂಡ್ಯದಿಂದ ಅಮೆರಿಕಕ್ಕೆ ಬಂದ ಹೊಸಬರಿಗೆ

ಏಪ್ರಿಲ್ ಬಂದರೆ ಇಲ್ಲಿ ಕಾರಿನ ಮೇಲೆಲ್ಲ ಹಳದಿ ಪುಡಿ ಕೂರುತ್ತದೆ. ಅದು ಬಹುಪಾಲು ಪೈನ್ ಮರದ್ದು, ಅಷ್ಟಾಗಿ ಕಾಡುವುದಿಲ್ಲ. ಮೂಗು, ಕಣ್ಣು ತುರಿಸುವಂತೆ ಮಾಡುವುದು ಕಣ್ಣಿಗೆ ಬೀಳದ ಬರ್ಚ್, ಓಕ್ ಪರಾಗ. ಊಟ ಬದಲಿಸಿದರೆ ಈ ಅಲರ್ಜಿ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಯಾವ ತಿಂಗಳಲ್ಲಿ ಯಾವುದನ್ನು ಹಸಿಯಾಗಿ ತಿನ್ನಬಾರದು ಎಂದು ಗೊತ್ತಿದ್ದರೆ ಬಾಯಿ, ಗಂಟಲಿನ ಕಾಟ ಬಹಳ ತಗ್ಗುತ್ತದೆ.

ಈಶಾನ್ಯದ ರಾಜ್ಯಗಳಲ್ಲಿ ಮಾರ್ಚ್ ಕೊನೆಯಿಂದ ಮೇವರೆಗೆ ಮರಗಳ ಪರಾಗ, ಮೇನಿಂದ ಜುಲೈವರೆಗೆ ಹುಲ್ಲಿನದು, ಆಗಸ್ಟ್ ನಡುವಿನಿಂದ ಚಳಿಗೆ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟುವವರೆಗೆ ರ್‍ಯಾಗ್‌ವೀಡ್ ಎಂಬ ಕಳೆಯದು. ಟೆಕ್ಸಾಸ್ ಕಡೆಯವರಿಗೆ ಡಿಸೆಂಬರಿನಲ್ಲೇ ಸೀಡರ್ ಮರದ ಪರಾಗ ಶುರು. ಬಂದ ವರ್ಷ ಏನೂ ಆಗದೆ, ಎರಡು ಮೂರು ವರ್ಷದ ಮೇಲೆ ಸೀನು ಹತ್ತಿಕೊಳ್ಳುವುದು ಸಾಮಾನ್ಯ. ಆದರೆ ಊರಿನಲ್ಲಿ ಖಾಲಿ ಸೈಟಿನ, ಗದ್ದೆ ಬದುವಿನ ಕಾಂಗ್ರೆಸ್ ಗಿಡಕ್ಕೆ ಸೀನುತ್ತಿದ್ದವರು ಮೊದಲ ಆಗಸ್ಟ್‌ನಿಂದಲೇ ಎಚ್ಚರವಾಗಿರಿ. ಅದೂ ರ್‍ಯಾಗ್‌ವೀಡೂ ಒಂದೇ ಕುಟುಂಬದವು, ಒಂದರ ಅಲರ್ಜಿ ಇನ್ನೊಂದಕ್ಕೂ ತಗಲಬಹುದು.

ಇನ್ನು ಊಟಕ್ಕೆ ಬರೋಣ. ಕೆಲವು ಹಣ್ಣು, ತರಕಾರಿಯ ಪ್ರೋಟೀನು ಪರಾಗದ ಪ್ರೋಟೀನನ್ನೇ ಹೋಲುತ್ತದೆ. ದೇಹಕ್ಕೆ ವ್ಯತ್ಯಾಸ ತಿಳಿಯದೆ ತುಟಿ, ನಾಲಿಗೆ, ಗಂಟಲು ತುರಿಸುತ್ತವೆ. ಬರ್ಚ್ ಅಲರ್ಜಿಯವರಿಗೆ ಸೇಬು, ಪೇರ್, ಪೀಚ್, ಚೆರ್ರಿ, ಕ್ಯಾರೆಟ್, ಬಾದಾಮಿ ಹೀಗೆ ಮಾಡಬಹುದು. ನಮ್ಮವರು ಊಹಿಸದ ಇನ್ನೆರಡು ಇವೆ: ಹಲಸಿನ ತೊಳೆ ಮತ್ತು ಹಸಿಯಾಗಿ ತಿನ್ನುವ ಮೊಳಕೆ ಹೆಸರುಕಾಳು. ರ್‍ಯಾಗ್‌ವೀಡ್‌ನವರಿಗೆ ಸೌತೆಕಾಯಿ, ಕಲ್ಲಂಗಡಿ, ಕರಬೂಜ, ಬಾಳೆಹಣ್ಣು. ಅಂದರೆ ವಸಂತದಲ್ಲಿ ಕ್ಯಾರೆಟ್ ಕೋಸಂಬರಿ, ಗಣೇಶನ ಹಬ್ಬದ ಹೊತ್ತಿಗೆ ಸೌತೆಕಾಯಿ ಕೋಸಂಬರಿ ಕಾಡಬಹುದು! ಪಟ್ಟಿ ನೋಡಿ ಎಲ್ಲವನ್ನೂ ಬಿಡಬೇಡಿ. ತಿಂದಾಗ ನಿಮಗೆ ತುರಿಸಿದ್ದನ್ನು ಮಾತ್ರ ಬಿಡಿ.

ಬೇಯಿಸಿದರೆ ಈ ಪ್ರೋಟೀನು ಬಹುತೇಕ ಮುರಿಯುತ್ತದೆ. ಮೊಳಕೆಕಾಳನ್ನು ಸಾರು ಮಾಡಿ, ಕ್ಯಾರೆಟನ್ನು ಹುಳಿಗೋ ಪಲ್ಯಕ್ಕೋ ಹಾಕಿ. ಒಗ್ಗರಣೆಯಲ್ಲಿ ಎರಡು ನಿಮಿಷ ಬಾಡಿಸಿದರೆ ಸಾಲದು, ನಡುಭಾಗವೂ ಮೆತ್ತಗಾಗಬೇಕು. ಸೇಬನ್ನು ಸಿಪ್ಪೆ ತೆಗೆದು, ಹೋಳು ಮಾಡಿ, ಚೂರು ನೀರಿನಲ್ಲಿ ಬೇಯಿಸಿ. ಬಾದಾಮಿ, ಹೇಜಲ್‌ನಟ್, ಸೆಲರಿಗೆ ಈ ಉಪಾಯ ನೆಚ್ಚಬೇಡಿ, ಹುರಿದರೂ ಬೇಯಿಸಿದರೂ ಕೆಲವರಿಗೆ ತೊಂದರೆ ಕೊಡುತ್ತವೆ. ಹಸಿ ಹಣ್ಣಿನ ಸ್ಮೂದಿ, ಸೋಯಾ ಪ್ರೋಟೀನ್ ಪಾನೀಯವನ್ನು ಗಟಗಟ ಕುಡಿಯುವುದು ಇನ್ನೂ ಅಪಾಯ, ಒಂದೇ ಸಲಕ್ಕೆ ಬಹಳಷ್ಟು ಹೊಟ್ಟೆ ಸೇರುತ್ತದೆ. ಬಾಯಿ ತುರಿಕೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಗಂಟಲು ಬಿಗಿದರೆ, ಮೈತುಂಬ ದದ್ದು ಎದ್ದರೆ, ವಾಂತಿಯಾದರೆ, ಉಸಿರು ಕಟ್ಟಿದರೆ ಮನೆಮದ್ದು ಹುಡುಕದೆ 911ಕ್ಕೆ ಫೋನ್ ಮಾಡಿ.

ಕಟ್ಟಿದ ಮೂಗಿಗೆ ಮೆಣಸಿನ ಸಾರು ನಿಜಕ್ಕೂ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಇಬ್ಬರಿಗೆ ಒಂದು ಟೀ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ ತರಿತರಿಯಾಗಿ ಕುಟ್ಟಿಕೊಳ್ಳಿ. ಸಣ್ಣ ನಿಂಬೆ ಗಾತ್ರದ ಹುಣಸೆಯ ರಸವನ್ನು ಮೂರು ಲೋಟ ನೀರಿನಲ್ಲಿ ಉಪ್ಪು, ಅರಿಸಿನ, ಕರಿಬೇವಿನೊಂದಿಗೆ ಹಸಿವಾಸನೆ ಹೋಗುವವರೆಗೆ ಕುದಿಸಿ. ಪುಡಿಯನ್ನು ಕೊನೆಗೆ ಹಾಕಿ, ಒಂದು ಕುದಿ ಬಂದರೆ ಇಳಿಸಿ, ತುಪ್ಪದಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಡಿ. ಮೊದಲೇ ಹಾಕಿ ಬಹಳ ಕುದಿಸಿದರೆ ಘಮ ಹಾರಿ ಬರೀ ಖಾರ ಉಳಿಯುತ್ತದೆ. ಒಳ್ಳೆಯದೆಂದು ಮೆಣಸು ಇಮ್ಮಡಿ ಮಾಡಿದರೆ ಎದೆಯುರಿ ಬಂದು ಗಂಟಲು ಇನ್ನಷ್ಟು ಕೆರಳೀತು. ಕಿಟಕಿ ಮುಚ್ಚಿದ ಮನೆಯಲ್ಲಿ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಪರಾಗದಷ್ಟೇ ಕಷ್ಟ. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ತಳ್ಳುತ್ತದೋ ಇಲ್ಲಾ ಸೋಸಿ ಅಡುಗೆಮನೆಗೇ ಬಿಡುತ್ತದೋ ನೋಡಿಕೊಳ್ಳಿ. ಬಾಡಿಗೆ ಮನೆಗಳಲ್ಲಿ ಎರಡನೆಯದೇ ಹೆಚ್ಚು.

ಮೊಸರು ಬಿಡಬೇಕೆ? ಬೇಡ. ಹಾಲು, ಮೊಸರು ಕಫ ಹೆಚ್ಚಿಸುವುದಿಲ್ಲ, ಗಂಟಲಲ್ಲಿ ಮಂದವಾದಂತೆ ಅನ್ನಿಸುತ್ತದೆ ಅಷ್ಟೆ. ಹುಲ್ಲಿನ ಪರಾಗಕ್ಕೆ ಸೀನುವವರು, ರಾಗಿಯೂ ಹುಲ್ಲಿನ ಜಾತಿಯದೆಂದು ಮುದ್ದೆಯನ್ನು ಬಿಡಬೇಕಿಲ್ಲ. ಅಂಗಡಿಯಲ್ಲಿ ‘ಸ್ಥಳೀಯ ಜೇನು ತಿನ್ನಿ, ಅಲರ್ಜಿ ಹೋಗುತ್ತದೆ’ ಅನ್ನುವವರು ಸಿಗುತ್ತಾರೆ. ಜೇನ್ನೊಣ ಕೂರುವುದು ಹೂವಿನ ಮೇಲೆ, ನಮ್ಮನ್ನು ಕಾಡುವುದು ಗಾಳಿಯಲ್ಲಿ ಹಾರುವ ಪರಾಗ. ಒಂದು ವರ್ಷ ತುಂಬದ ಮಗುವಿಗಂತೂ ಜೇನು ನೆಕ್ಕಿಸಲೇಬಾರದು. ಕ್ಯಾಮೊಮೈಲ್ ಟೀಯ ಹೂವು ರ್‍ಯಾಗ್‌ವೀಡ್‌ನ ಸಂಬಂಧಿ, ಆ ಅಲರ್ಜಿಯವರು ಆ ಟೀಯನ್ನು ದೂರವಿಡಿ.

ಮಾತ್ರೆ ಬೇಕಾದರೂ ಊಟದ ಲೆಕ್ಕ ತಪ್ಪದು. ಡಾಕ್ಟರ ಚೀಟಿಯಿಲ್ಲದೆ ಸಿಗುವ ಫೆಕ್ಸೊಫೆನಡಿನ್ ಎಂಬ ಅಲರ್ಜಿ ಮಾತ್ರೆಯನ್ನು ಕಿತ್ತಳೆ, ಸೇಬು, ಗ್ರೇಪ್‌ಫ್ರೂಟ್ ಜ್ಯೂಸಿನೊಂದಿಗೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬರೀ ನೀರಿನಲ್ಲಿ ನುಂಗಿ, ಜ್ಯೂಸನ್ನು ಕೆಲವು ಗಂಟೆ ಬಿಟ್ಟು ಕುಡಿಯಿರಿ. ಮೂಗಿನ ಸ್ಟೀರಾಯ್ಡ್ ಸ್ಪ್ರೇಯನ್ನು ನಿಮ್ಮ ಕಾಲ ಶುರುವಾಗುವ ಒಂದೆರಡು ವಾರ ಮೊದಲೇ ಹಿಡಿದರೆ ಒಳ್ಳೆಯ ಗುಣ. ಎದೆಯಲ್ಲಿ ಸುಯ್ ಸುಯ್ ಶಬ್ದ ಬಂದರೆ ಸಾರು, ಕಷಾಯ ಬದಿಗಿಟ್ಟು ಡಾಕ್ಟರ ಬಳಿ ಹೋಗಿ, ಅದು ಆಸ್ತಮಾ ಇರಬಹುದು.