ಗೊತ್ತಿತ್ತು, ಗೊತ್ತಾಯಿತು: ಸ್ಪ್ಯಾನಿಷ್ ಭೂತಕಾಲ ನನಗೆ ಹತ್ತಿದ್ದು ಹೀಗೆ

ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಕ್ಕೆ ಬಂದ ಮೊದಲ ಕೆಲವು ತಿಂಗಳು ನಾನು ಎಲ್ಲವನ್ನೂ ವರ್ತಮಾನದಲ್ಲೇ ಹೇಳುತ್ತಿದ್ದೆ. ನಿನ್ನೆ ಸಂತೆಗೆ ಹೋಗುತ್ತೇನೆ, ನಿನ್ನೆ ಮಳೆ ಬರುತ್ತದೆ, ಹೀಗೇ ಮಾತು. ಜನ ಅರ್ಥ ಮಾಡಿಕೊಳ್ಳುತ್ತಿದ್ದರು. ಆದರೆ ಊರಿನ ಒಂದು ಕತೆ ಹೇಳೋಣ ಅಂದರೆ ಆಗುತ್ತಿರಲಿಲ್ಲ, ಅದು ನನಗೆ ತುಂಬಾ ಬೇಜಾರು ತರುತ್ತಿತ್ತು.

ತರಗತಿಯಲ್ಲಿ ಕ್ರಿಯಾಪದದ ರೂಪಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು. ಮಗ್ಗಿಯ ತೊಂದರೆ ನಿಮಗೂ ಗೊತ್ತು, ಅಲ್ವಾ? ಏಳೆಂಟಲ ಎಷ್ಟು ಅಂದರೆ ಏಳೊಂದಲದಿಂದ ಹತ್ತಿಕೊಂಡು ಬರಬೇಕು. ಮಾತಿನ ಮಧ್ಯೆ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಅದನ್ನು ಬಿಟ್ಟು 'ನಾನು', 'ಅವಳು' ಎರಡೇ ರೂಪ ಹಿಡಿದುಕೊಂಡೆ. ಕತೆ ಹೇಳುವಾಗ ಜಾಸ್ತಿ ಬರುವುದು ಅವೆರಡೇ.

ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಉಚ್ಚಾರದಲ್ಲಿ ಒತ್ತು ಎಲ್ಲಿ ಬೀಳುತ್ತದೋ ಅಲ್ಲಿ ದೀರ್ಘ. 'ಆಬ್ಲೊ' ಅಂದರೆ ಮಾತಾಡುತ್ತೇನೆ, 'ಅಬ್ಲೋ' ಅಂದರೆ ಅವಳು ಮಾತಾಡಿದಳು. ನಮ್ಮಲ್ಲಿ ಒ, ಓ ಬೇರೆ ಬೇರೆ ಇರುವುದರಿಂದ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಾಗೆ ಬರೆಯುತ್ತಾ ಹೋದಾಗ ಇನ್ನೊಂದು ಗಮನಿಸಿದೆ. ನಿಯಮ ಪಾಲಿಸುವ ಪದಗಳಲ್ಲಿ ದೀರ್ಘ ಕೊನೆಯಲ್ಲಿ, ನಿಯಮ ಮುರಿಯುವ ಮುಖ್ಯ ಗುಂಪಿನಲ್ಲಿ ಅದಕ್ಕಿಂತ ಮುಂಚೆ: ತೂಬೆ, ತೂಬೊ.

ಆಮೇಲೆ ಧ್ವನಿ ನೋಡಿ ಗುಂಪು ಮಾಡಿದೆ. ಕನ್ನಡದಲ್ಲೂ ಬರು-ಬಂದ, ತರು-ತಂದ ಜೋಡಿ, ಬೀಳು-ಬಿದ್ದ, ಏಳು-ಎದ್ದ ಜೋಡಿ, ಯಾರೂ ನಮಗೆ ಕೂರಿಸಿ ಕಲಿಸಲಿಲ್ಲ. ಹಾಗೇ ಇಲ್ಲಿ 'ಊ' ಗುಂಪು: ತೂಬೆ (ನನ್ನ ಹತ್ತಿರ ಇತ್ತು), ಎಸ್ತೂಬೆ (ಇದ್ದೆ), ಪೂದೆ (ನನ್ನಿಂದ ಆಯಿತು), ಪೂಸೆ (ಇಟ್ಟೆ), ಸೂಪೆ (ಗೊತ್ತಾಯಿತು). 'ಈ' ಗುಂಪು: ಈಸೆ (ಮಾಡಿದೆ), ಬೀನೆ (ಬಂದೆ), ಕೀಸೆ (ಬೇಕು ಅಂದೆ). ಇನ್ನು 'ಹ' ಗುಂಪು: ದೀಹೆ (ಹೇಳಿದೆ), ತ್ರಾಹೆ (ತಂದೆ), ಕೊಂದೂಹೆ (ಗಾಡಿ ಓಡಿಸಿದೆ). ಈ ಕೊನೆಯ ಗುಂಪಿನ ಮೂಲ ತಿಳಿದಾಗ ನಿಜವಾಗಿ ಖುಷಿಯಾಯಿತು. ಲ್ಯಾಟಿನ್‌ನಲ್ಲಿ ಇವು ದೀಕ್ಸಿ, ತ್ರಾಕ್ಸಿ, ಕೊಂದೂಕ್ಸಿ. ಆ 'ಕ್ಸ' ಮೊದಲು 'ಶ' ಆಗಿ, ಆಮೇಲೆ ಈಗಿನ 'ಹ' ಆಯಿತು. ಬರವಣಿಗೆಯಲ್ಲಿ ಮಾತ್ರ ಎಕ್ಸ್ ಅಕ್ಷರ ಬಹಳ ಕಾಲ ಉಳಿದಿತ್ತು, 1815ರಲ್ಲಿ ಸ್ಪೇನಿನ ರಾಯಲ್ ಅಕಾಡೆಮಿ ಅದನ್ನು ಬದಲಿಸಿತು. ಮೆಕ್ಸಿಕೋದವರು ತಮ್ಮ ದೇಶದ ಹೆಸರನ್ನು ಇವತ್ತಿಗೂ ಎಕ್ಸ್ ಹಾಕಿ ಬರೆದು 'ಮೇಹಿಕೊ' ಅನ್ನುತ್ತಾರೆ, ಅದೇ ಕಾರಣ.

ರೂಪ ಬಂತು, ಬಳಕೆ ಬರಲಿಲ್ಲ. ಸ್ಪ್ಯಾನಿಷ್‌ನಲ್ಲಿ ಸರಳ ಭೂತಕಾಲ ಎರಡು. ಒಂದು ಆಗಿಹೋದ ಘಟನೆಗೆ, ಇನ್ನೊಂದು ಇದ್ದ ಸ್ಥಿತಿಗೆ ಅಥವಾ ರೂಢಿಗೆ. ಒಂದು ಸಂಜೆ ಮನೆಯ ಒಡತಿಗೆ 'ಹೆಂಡತಿಯ ಪರಿಚಯ ಆಗಿದ್ದು ಕಾಲೇಜಿನಲ್ಲಿ' ಅಂತ ಹೇಳಲು ಹೋಗಿ 'ಕೊನೊಸೀಯ' ಅಂದೆ. ಆಕೆ ಮುಖ ಸಣ್ಣದು ಮಾಡಿಕೊಂಡು 'ಈಗ?' ಅಂತ ಕೇಳಿದರು. ನಾನು ಹೇಳಿದ್ದು 'ಆಗ ಅವಳ ಪರಿಚಯ ಇತ್ತು' ಅಂತ. ಬೇಕಿದ್ದದ್ದು 'ಕೊನೊಸೀ'. ಪರಿಚಯ ಆಯಿತು.

ಆ ರಾತ್ರಿ ಮಲಗಿದ್ದಾಗ ಹೊಳೆಯಿತು. ಇತ್ತು, ಆಯಿತು. ಇಷ್ಟೇ ತಾನೆ! ಸಬೀಯ ಅಂದರೆ ಗೊತ್ತಿತ್ತು, ಸೂಪೆ ಅಂದರೆ ಗೊತ್ತಾಯಿತು. ಜನ ಇದ್ದರು ಅನ್ನೋದಕ್ಕೆ 'ಅಬೀಯ', ಭೂಕಂಪ ಆಯಿತು ಅನ್ನೋದಕ್ಕೆ 'ಊಬೊ'. 'ನೊ ಕೆರೀಯ' ನನಗೆ ಇಷ್ಟವಿರಲಿಲ್ಲ, 'ನೊ ಕೀಸೆ' ಒಲ್ಲೆ ಅಂದೆ. ಇಂಗ್ಲಿಷ್ ಮೂಲಕ ಕಲಿಯುವಾಗ ಈ ಪದಗಳಿಗೆ ಭೂತಕಾಲದಲ್ಲಿ ಅರ್ಥವೇ ಬದಲಾಗುತ್ತದೆ ಅಂತ ಬೇರೆ ಪಟ್ಟಿ ಕೊಟ್ಟಿದ್ದರು. ಕನ್ನಡದಲ್ಲಿ ಯೋಚಿಸಿದರೆ ಆ ಪಟ್ಟಿಯೇ ಬೇಡ. ಎಲ್ಲ ಕಡೆ ಈ ಲೆಕ್ಕ ನಡೆಯುವುದಿಲ್ಲ, ಆದರೆ ಹೆಚ್ಚು ಗೊಂದಲ ಮಾಡುವ ಕಡೆಯೇ ನಡೆಯುತ್ತದೆ.

ಅಲ್ಲಿಂದ ದಿನಾ ರಾತ್ರಿ ಹತ್ತು ನಿಮಿಷ ಜೋರಾಗಿ ಆ ದಿನದ ಕತೆ ಹೇಳಿಕೊಂಡೆ. ಶುರು ಯಾವಾಗಲೂ 'ಕೆ ಇಸೀಸ್ತೆ?' ಅನ್ನೋ ಪ್ರಶ್ನೆಯಿಂದ, ಏನು ಮಾಡಿದೆ ಅಂತ. ಉತ್ತರ ಬಹುಪಾಲು 'ಫುಯೀ' ಅಂತ ಶುರುವಾಗುತ್ತಿತ್ತು, ಹೋದೆ. 'ಆಗಿದ್ದೆ' ಅನ್ನೋದಕ್ಕೂ ಅದೇ ರೂಪ, ಅದರಿಂದ ಗಾಬರಿ ಬೇಡ, ಮುಂದಿನ ಪದ ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ.

ಸ್ಪೇನಿಗೆ ಹೋಗುವವರಿಗೆ ಒಂದು ಮಾತು. ಮೆಕ್ಸಿಕೋದಲ್ಲಿ ಇವತ್ತು ಬೆಳಗ್ಗೆ ಮಾಡಿದ್ದಕ್ಕೂ 'ಈಸೆ' ನಡೆಯುತ್ತದೆ. ಮ್ಯಾಡ್ರಿಡ್‌ನಲ್ಲಿ ಇವತ್ತಿನ ಕೆಲಸಕ್ಕೆ 'ಎ ಏಚೊ' (ಮಾಡಿದ್ದೇನೆ) ಅನ್ನುವುದೇ ಹೆಚ್ಚು, 'ಈಸೆ' ನಿನ್ನೆಗೆ.